ಒಗರು ನೀರಿನ ಗೌರಮ್ಮ ಟೀಚರ್

ಗೌರಮ್ಮ ಟೀಚರ್ ಹಲ್ಲನ್ನು ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ನಾವು ಸಾಲಾಗಿ ನಿಂತು ಒದ್ದೆ ಬೆರಳನ್ನು ಮುಂದಿನ ಹಲ್ಲಿಗೆ ಉಜ್ಜಬೇಕು. ಅವರು ಬಗ್ಗಿ ಕಿವಿ ಹತ್ತಿರ ತರುತ್ತಿದ್ದರು. ಕಿರ್ ಅಂದರೆ ಕ್ಲಾಸಿಗೆ, ಅನ್ನದಿದ್ದರೆ ಮತ್ತೆ ನಲ್ಲಿಯ ಹತ್ತಿರಕ್ಕೆ. ಹಣೆ ತುಂಬ ವಿಭೂತಿ, ಗಂಜಿ ಹಾಕಿದ ಸೀರೆ. ನಗು ಮಾತ್ರ ತುಂಬ ಕಡಿಮೆ.

ಭದ್ರಾವತಿಯ ಕಾಗದನಗರದ ಪಕ್ಕದ ಪುಟ್ಟ ಶಾಲೆ ನಮ್ಮದು. ಅಳಲೆಕಾಯಿ, ದಾಳಿಂಬೆ ಸಿಪ್ಪೆ ಕುದಿಸಿ ಸೋಸಿದ ನೀರನ್ನು ಟೀಚರ್ ದಿನಾ ಸ್ಟೀಲ್ ಕ್ಯಾನಿನಲ್ಲಿ ತರುತ್ತಿದ್ದರು. ಒಂದು ಗುಟುಕು ಬಾಯಿಗೆ ಹಾಕಿದರೆ ಕೆನ್ನೆ ಒಳಕ್ಕೆ ಎಳೆದುಕೊಂಡು, ನಾಲಿಗೆ ಹಲ್ಲಿಗೆ ತಾಗಿದಲ್ಲೇ ತಡೆದು ನಿಲ್ಲುತ್ತಿತ್ತು. ನನ್ನ ಪಕ್ಕದ ಸೆಲ್ವಿ ಅದನ್ನು ಉಗುಳುವಾಗೆಲ್ಲ ಟೀಚರ್‌ಗೆ ತಮಿಳಿನಲ್ಲಿ ಬೈಯುತ್ತಿದ್ದಳು. ಅವರಿಗೆ ತಮಿಳು ಚೆನ್ನಾಗಿ ಬರುತ್ತದೆ ಅನ್ನುವುದು ನಮಗೆ ಬಹಳ ತಡವಾಗಿ ಗೊತ್ತಾಯಿತು.

"ನಾಲಿಗೆ ಜಾರ್ತಿದೆ ಅಂದ್ರೆ ಕೊಳೆ ಕೂತಿದೆ ಅಂತ. ನಾಲಿಗೆ ತಡೀಬೇಕು," ಅನ್ನುತ್ತಿದ್ದರು. ಅವರ ತಾಯಿ ನಲವತ್ತಕ್ಕೇ ಬೊಚ್ಚುಬಾಯಿಯಾಗಿ, ಗಟ್ಟಿ ರೊಟ್ಟಿ ಕಂಡರೆ ಅಳುತ್ತಿದ್ದರಂತೆ. ಆ ಗತಿ ನಮಗೆ ಬರಬಾರದು ಅನ್ನುವುದೊಂದೇ ಅವರ ಹಟ. ಸ್ವಂತ ಮಕ್ಕಳಿಲ್ಲದ ಹೆಂಗಸು, ನಮ್ಮ ಹಲ್ಲಿಗಾಗಿ ಬೆಳಗಾಗೆದ್ದು ಒಲೆಯ ಮುಂದೆ ಕೂರುತ್ತಿದ್ದರು.

ಬರಬರುತ್ತಾ ನಮ್ಮೆಲ್ಲರ ಹಲ್ಲು ಕಂದು ಬಣ್ಣಕ್ಕೆ ತಿರುಗಿದವು. ಹಲ್ಲುನೋವೆಂದು ರಜೆ ಹಾಕಿದವರು ನನಗೆ ನೆನಪಿಲ್ಲ, ಆದರೆ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ವಾರ್ಷಿಕೋತ್ಸವದ ದಿನ ಶಾಲೆಯಲ್ಲಿ ಹಲ್ಲಿನ ತಪಾಸಣೆ ಇಟ್ಟರು. ಬಂದಿದ್ದ ಹುಡುಗ ಡಾಕ್ಟರು ನಮ್ಮ ಬಾಯಿಗಳನ್ನು ನೋಡಿದವರೇ ಸೀದಾ ಮೈಕಿನ ಮುಂದೆ ಹೋಗಿ, ಯಾವುದೋ ಕಷಾಯ ಕೊಟ್ಟು ಈ ಮಕ್ಕಳ ಹಲ್ಲು ಹಾಳು ಮಾಡಿದ್ದಾರೆ ಎಂದರು. ಅಪ್ಪ ಅಮ್ಮಂದಿರೆಲ್ಲ ಎದ್ದು ನಿಂತರು. ಮೊದಲು ಕೂಗಿದವಳು ನಮ್ಮಮ್ಮ.

"ನಾಳೆ ಇವಳನ್ನ ಯಾರು ಮದ್ವೆ ಆಗ್ತಾರೆ, ನೀವು ಆಗ್ತೀರಾ?"

ಟೀಚರ್ ಕ್ಯಾನಿನ ನೀರನ್ನು ಚರಂಡಿಗೆ ಸುರಿದು ಮನೆಗೆ ಹೋದರು. ಆ ವರ್ಷವೇ ಕೆಲಸ ಬಿಟ್ಟು ಶಿವಮೊಗ್ಗದ ತಂಗಿಯ ಮನೆ ಸೇರಿಕೊಂಡರು. ಇತ್ತ ಒಗರು ನೀರು ನಿಂತು ನಮ್ಮ ಹಲ್ಲಿನ ಬಣ್ಣ ನಿಧಾನವಾಗಿ ತಿಳಿಯಾಯಿತು. ಅದನ್ನು ಮಾತ್ರ ಯಾರೂ ಮೈಕಿನಲ್ಲಿ ಹೇಳಲಿಲ್ಲ.

ಹೋದ ವರ್ಷ ನನ್ನ ಹಲ್ಲಿಗೆ ಟೀ ಕಲೆ ಹತ್ತಿ, ಶಿವಮೊಗ್ಗದ ನವುಲೆಯ ಒಬ್ಬ ಡಾಕ್ಟರಮ್ಮನ ಹತ್ತಿರ ಕ್ಲೀನ್ ಮಾಡಿಸಲು ಹೋಗಿದ್ದೆ. ಮಾತಿಗೆ ಟೀಚರ್ ಕಥೆ ಹೇಳಿದೆ. ಎಂಜಲಿನಿಂದಲೇ ಹಲ್ಲಿನ ಮೇಲೊಂದು ತೆಳು ಪೊರೆ ಕಟ್ಟುತ್ತದೆ, ಹುಳಿಯಿಂದ ಎನಾಮಲ್ ಕಾಯುವುದು ಅದೇ, ನಾಲಿಗೆ ಜಾರುವುದೂ ಅದರಿಂದಲೇ ಎಂದು ಆಕೆ ವಿವರಿಸಿದರು. ಒಗರು ಆ ಜಾರಿಕೆಯನ್ನು ಕಳೆದು ಪೊರೆಯನ್ನು ಗಟ್ಟಿ ಮಾಡುತ್ತದೆ, ಬಣ್ಣ ಪೊರೆಗೆ ಹತ್ತುತ್ತದೆ, ಒಳಗಿನ ಹಲ್ಲು ಅದರಿಂದ ಹಾಳಾಗುವುದಿಲ್ಲ. ಗಟ್ಟಿಯಾದ ಪೊರೆ ಹುಳಿಯನ್ನು ಇನ್ನಷ್ಟು ತಡೆದರೂ ತಡೆದೀತು ಎಂದರು. ನನಗೆ ಕುರ್ಚಿಯಲ್ಲೇ ಮೈ ಉರಿಯಿತು.

ಅಲ್ಲಿಂದ ನೇರ ವಿನೋಬನಗರಕ್ಕೆ, ಟೀಚರ್ ತಂಗಿಯ ಮನೆಗೆ ಹೋದೆ. ಟೀಚರ್ ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದರು, ತುಂಬ ಇಳಿದುಹೋಗಿದ್ದರು. ಎಲ್ಲ ಹೇಳಿದೆ, ಜಾರುವುದು ಕೊಳೆಯೆಂದು ಅವರು ತಪ್ಪು ತಿಳಿದದ್ದನ್ನೂ ಬಿಡಲಿಲ್ಲ.

"ಹಂಗಾದ್ರೆ ಕಾವಲಿನವನನ್ನೇ ನಾನು ಕೊಳೆ ಅಂದೆ," ಎಂದು ಇನ್ನೊಂದು ಹಿಡಿ ಕಾಳು ಹತ್ತಿರ ಎಳೆದುಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಆವತ್ತು ಅವ್ರು ಊರೆದುರು ಅಂದ್ರು ಮಾರಾಯ್ತಿ. ನೀನು ಅಡುಗೆಮನೇಲಿ ಹೇಳ್ತಿದ್ದೀಯ."

ಈ ಬೇಸಿಗೆಯಲ್ಲಿ ಅವರು ತೀರಿಹೋದರು. ಸುದ್ದಿ ಹೇಳಿದಾಗ ಅಮ್ಮ, ಮಕ್ಕಳ ಹಲ್ಲು ಹಾಳು ಮಾಡಿದ ಟೀಚರಾ ಎಂದು ಕೇಳಿದಳು. ಸಿಟ್ಟು ನುಂಗಿಕೊಂಡು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಆದ್ರೂ ಕಪ್ಪಾಗಿದ್ದು ನಿಜ ತಾನೆ," ಅಂದಳು.