ಅಳತೆಯಕ್ಕನ ಮಾತಿನ ಪೆಟ್ಟಿಗೆ

ಅಳತೆಯಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಒಬ್ಬ ತಾಯಿಯಿಂದ. ಕಣ್ಣು ಕಾಣದ, ಕಿವಿ ಕೇಳದ, ಮಾತು ಬಾರದ ಮಕ್ಕಳಿಗೆ ತನ್ನ ಕಚೇರಿ ಕೊಟ್ಟ ಸಾಧನಗಳಿಂದ ನಿಜಕ್ಕೂ ಉಪಯೋಗವಾಗಿದೆಯೇ ಎಂದು ಶಾಲೆಗಳಿಗೆ ಹೋಗಿ ನೋಡುವುದು ಅವಳ ಕೆಲಸ. "ಅಳತೆ ಮಾಡೋಕೆ ಬಂದಿದೀನಿ ಅಮ್ಮಾ" ಎಂದದ್ದಕ್ಕೆ ಆ ತಾಯಿ ಮಗನನ್ನು ನೆಟ್ಟಗೆ ನಿಲ್ಲಿಸಿ, "ಚಡ್ಡಿ ಸ್ವಲ್ಪ ದೊಡ್ಡದಾಗೇ ಹೊಲಿಸಿ, ಬೆಳೆಯೋ ಹುಡುಗ" ಎಂದಿದ್ದಳು. ಅಂದಿನಿಂದ ಅವಳು ಎಲ್ಲರಿಗೂ ಅಳತೆಯಕ್ಕ.

"ಉಪಯೋಗ ಆಯ್ತಾ?" ಎಂದು ಅವಳು ಮಗುವನ್ನು ಕೇಳುತ್ತಿರಲಿಲ್ಲ. ಕೊಟ್ಟವರ ಮುಂದೆ ಯಾವ ಮಗು ಇಲ್ಲ ಅನ್ನುತ್ತದೆ? ಅದಕ್ಕೇ ಎಷ್ಟು ಸಲ ಬಳಸಿದರೆಂದು ಸಾಧನಗಳ ಒಳಗೇ ಎಣಿಕೆಯಾಗುವ ವ್ಯವಸ್ಥೆ ಮಾಡಿಸಿದಳು. ಬಳಕೆ ಹೆಚ್ಚಿದ್ದರೆ ಉಪಯೋಗವಿದೆ, ಕಡಿಮೆಯಾದರೆ ಇಲ್ಲ. ಕಚೇರಿಯವರು ಈ ಅಳತೆಯನ್ನು ಕಣ್ಣಿಗೊತ್ತಿಕೊಂಡರು.

ಆಮೇಲೆ ಅದೇ ಅಳತೆ ಅವಳ ಕೊರಳಿಗೇ ಬಂತು. ನಾಲಗೆಯೂ ಬೆರಳುಗಳೂ ಮಾತು ಕೇಳದ ಒಬ್ಬ ಹುಡುಗಿಗೆ ಮಾತಿನ ಪೆಟ್ಟಿಗೆ ಕೊಟ್ಟಿದ್ದರು. ಅಂಗೈಯಗಲದ ಬಟನ್‌ಗಳು, ಒಂದೊಂದರ ಮೇಲೆ ಒಂದೊಂದು ಚಿತ್ರ. ಒತ್ತಿದರೆ ಅದರೊಳಗೆ ತುಂಬಿಟ್ಟ ಮಾತು ಕೇಳಿಸುತ್ತಿತ್ತು. ಮೊದಮೊದಲು ಪೆಟ್ಟಿಗೆಯ ಬಾಯಿಗೆ ಬಿಡುವೇ ಇರಲಿಲ್ಲ. ಬರುಬರುತ್ತಾ ಎಣಿಕೆ ಇಳಿಯಿತು.

"ಮೂಲೆ ಸೇರಿದೆ, ವಾಪಸ್ ತಂದುಬಿಡಿ" ಎಂದರು ಮೇಲಧಿಕಾರಿ. "ಬೇರೆ ಶಾಲೇಲಿ ಇನ್ನೊಂದು ಮಗು ಕಾಯ್ತಿದೆ."

ಕಾಯುತ್ತಿದ್ದದ್ದು ನಿಜ. ಅಳತೆಯಕ್ಕ ಖಾಲಿ ಚೀಲ ಹಿಡಿದು ಹುಡುಗಿಯ ಶಾಲೆಗೆ ಹೋದಳು. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಳು. ಹುಡುಗಿ ಕಿಟಕಿಯ ಪಕ್ಕದಲ್ಲಿದ್ದಳು, ಪೆಟ್ಟಿಗೆ ಡೆಸ್ಕಿನ ಮೇಲಿತ್ತು. ಹುಡುಗಿ ಬಾಟಲಿಯತ್ತ ನೋಡಿದಳು. ಪಕ್ಕದ ಗೆಳತಿ ಹಿಂದಿನವಳ ಜೊತೆ ಹರಟುತ್ತಲೇ ನೀರು ಕುಡಿಸಿ ಗಲ್ಲ ಒರೆಸಿದಳು. ಹುಡುಗಿ ಭುಜ ಕದಲಿಸಿದರೆ ಪುಸ್ತಕ ಹತ್ತಿರ ಸರಿಯಿತು. ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ. ಅಳತೆಯಕ್ಕ ಚೀಲದ ಬಾಯಿ ಬಿಚ್ಚಿದಳು.

ಮೇಷ್ಟ್ರು ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಮಾಡುತ್ತಿದ್ದರು. ಪಕ್ಕದ ಮನೆಯಿಂದ ದಶಕ ಕಡ ತಂದದ್ದನ್ನು ಮರೆತರು. ಹುಡುಗಿಯ ಮೊಣಕೈ ಮೇಲೆದ್ದಿತು, ಗುರಿ ತಪ್ಪಿತು, ಮತ್ತೆ ಎದ್ದಿತು.

"ತಪ್ಪು ಸಾರ್!"

ತರಗತಿ ಗೊಳ್ಳೆಂದಿತು. "ಯಾರೇ ಅದು?" "ಪೆಟ್ಟಿಗೆ ಸಾರ್!" ಮೇಷ್ಟ್ರು ಬೋರ್ಡು ನೋಡಿ, ಒರೆಸಿ, "ಈ ಪೆಟ್ಟಿಗೆ ಬಂದಾಗಿನಿಂದ ನನಗೆ ತೂಕಡಿಸೋ ಭಾಗ್ಯಾನೂ ಇಲ್ಲ" ಎಂದರು.

'ತಪ್ಪು ಸಾರ್' ಎಂಬ ಮಾತನ್ನು ಕಚೇರಿ ತುಂಬಿರಲಿಲ್ಲ. ಅದು ಗೆಳತಿಯ ದನಿ. "ಮೊದಲು ನೀರು, ಬಾತ್‌ರೂಮು ಎಲ್ಲಾ ಇದರಲ್ಲೇ ಹೇಳ್ತಿದ್ಳು ಅಕ್ಕಾ. ಕೇಳಿ ಕೇಳಿ ನಮಗೇ ಗೊತ್ತಾಗೋಯ್ತು. ಈಗ ಬರೀ ಜಗಳಕ್ಕೆ ಒತ್ತೋದು" ಎಂದಳು ಗೆಳತಿ.

ಚೀಲ ಖಾಲಿಯಾಗೇ ಹಿಂತಿರುಗಿತು.

"ಕಮ್ಮಿ ಒತ್ತಿದ್ರೂ ಉಪಯೋಗ ಇದೆ ಅಂತೀರಲ್ಲ, ಜಾಸ್ತಿ ಒತ್ತಿದ್ರೇ ಉಪಯೋಗ ಅನ್ನೋದು ನಿಮ್ಮದೇ ಅಳತೆ ತಾನೇ?" ಎಂದರು ಮೇಲಧಿಕಾರಿ.

"ನನ್ನದೇ. ಅದೇ ತಪ್ಪು. ಮಾತು ಕಲಿತ ಮಗು ಅಳೋದು ಕಮ್ಮಿಯಾದ್ರೆ ಗಂಟಲು ಕೆಟ್ಟಿದೆ ಅಂತೀವಾ ಸಾರ್?"

"ಕಾಯ್ತಿರೋ ಮಗೂಗೆ ಏನು ಹೇಳ್ಲಿ?"

ಅಳತೆಯಕ್ಕ ಇನ್ನೊಂದು ಪೆಟ್ಟಿಗೆ ಹೊಂದಿಸಲು ಬಾಗಿಲಿಂದ ಬಾಗಿಲಿಗೆ ಅಲೆದಳು. ಆ ಮಗುವಿನ ಒಂದು ವರ್ಷ ಮಾತಿಲ್ಲದೆ ಕಳೆಯಿತು. ಅದು ಕೊನೆಯವರೆಗೂ ಅವಳನ್ನು ಕೊರೆಯಿತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಆಮೇಲೆ ಅವಳು ತರಗತಿಯಲ್ಲಿ ಕೂತು ನೋಡದೆ ಎಣಿಕೆ ತೆರೆಯಲಿಲ್ಲ.

ಕಳೆದ ವರ್ಷ ಗಂಟಲಿನ ಕಾಯಿಲೆ ಅವಳ ಮಾತನ್ನೇ ಕಿತ್ತುಕೊಂಡಿತು. ಕಚೇರಿಯ ಹುಡುಗಿಯರು ಆಸ್ಪತ್ರೆಯ ಹಾಸಿಗೆಯ ಪಕ್ಕ ಅಂಥದೇ ಪೆಟ್ಟಿಗೆ ತಂದಿಟ್ಟರು. ಅವಳ ಒಡಹುಟ್ಟಿದ ಅಕ್ಕ ತನ್ನ ದನಿಯಲ್ಲೇ ಮಾತು ತುಂಬಿದಳು: ನೀರು, ನೋವು, ಕಿಟಕಿ ತೆಗಿ, ಅಳಬೇಡ ಕಣೇ. ಮೊದಲ ವಾರ ಪೆಟ್ಟಿಗೆ ಗಲಗಲ ಅಂದಿತು. ಆಮೇಲೆ ಸುಮ್ಮನಾಯಿತು.

"ಇವರು ಒತ್ತೋದೇ ಇಲ್ವಲ್ಲ, ಜಾಗ ಬೇರೆ ಇಲ್ಲ. ತೆಗೆದಿಡ್ಲಾ?" ಎಂದಳು ನರ್ಸ್.

ಅಳತೆಯಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಅಕ್ಕ ಆಗಲೇ ಒದ್ದೆ ಹತ್ತಿಯಿಂದ ಅವಳ ತುಟಿ ತೇವ ಮಾಡುತ್ತಿದ್ದಳು, ಯಾರೂ ಕೇಳಿರಲಿಲ್ಲ. "ಇರ್ಲಿ ಬಿಡಮ್ಮ" ಎಂದಳು ಅಕ್ಕ, "ಜಗಳಕ್ಕೆ ಬೇಕಾಗುತ್ತೆ." ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಳತೆಯಕ್ಕನ ಬೆರಳು ನಿಧಾನಕ್ಕೆ ಸರಿಯಿತು. ಅಕ್ಕನ ದನಿಯೇ ಅಕ್ಕನಿಗೆ ಹೇಳಿತು: "ಅಳಬೇಡ ಕಣೇ."