ಬಾಣಂತಿಗೆ ಕಾಸಿದ ನೀರು

ಮಗಳ ಗಂಡನ ಮನೆ ಇರುವುದು ರಾಮತೀರ್ಥ ನಗರದಲ್ಲಿ. ಶಿವಬಸವ ನಗರದ ನಮ್ಮ ಮನೆಯಿಂದ ಆಟೋ ಹತ್ತಿದರೆ ಚಹಾ ಆರುವಷ್ಟರಲ್ಲಿ ಮುಟ್ಟಬಹುದು. ಆದರೂ ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕೆಂದು ಹಟ ಹಿಡಿದು ಕರೆತಂದವಳು ನಾನು. ಮೂವತ್ತು ವರ್ಷ ಸಾಲೆಯಲ್ಲಿ ವಿಜ್ಞಾನ ಕಲಿಸಿದವಳು, ನನಗಿಂತ ಚೆನ್ನಾಗಿ ಯಾರು ನೋಡಿಕೊಳ್ಳುತ್ತಾರೆ ಎಂಬ ಜಂಬ. ಆ ಜಂಬ ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮಲ್ಲಿ ಬಾಣಂತಿಗೆ ತಣ್ಣೀರು ತೋರಿಸುವುದಿಲ್ಲ. ಅಜವಾನ ಹಾಕಿ, ಪಾತ್ರೆ ತುಂಬ ಇಟ್ಟ ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಅದನ್ನೇ ಕುಡಿಸಬೇಕು. ನನ್ನ ಅವ್ವ ಹಾಗೆ ಮಾಡಿದ್ದಳು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಮೂರು ಪಾಲು ಒಂದು ಪಾಲಾಗುವವರೆಗೆ ಒಲೆಯ ಮುಂದೆ ನಿಲ್ಲುತ್ತಿದ್ದೆ. ನಳದ ನೀರು ನನಗೆ ಮೊದಲಿನಿಂದ ಆಗಿಬರದು, ಔಷಧದ ನಾತ. ಖಾನಾಪುರದ ಹತ್ತಿರ ನನ್ನ ತಮ್ಮನ ಹೊಲವಿದೆ. ಅಲ್ಲಿಯ ಬಾವಿಯ ನೀರನ್ನು ಅವನು ಕ್ಯಾನುಗಳಲ್ಲಿ ತುಂಬಿ ಎರಡು ದಿನಕ್ಕೊಮ್ಮೆ ಗಾಡಿಯಲ್ಲಿ ತಂದಿಳಿಸುತ್ತಿದ್ದ. ಕೂಸಿಗೆ ಬೇರು, ಬಜೆ ತೇಯ್ದು ನೆಕ್ಕಿಸುವ ಘುಟ್ಟಿಗೂ ಅದೇ ಕಾಸಿದ ನೀರು. "ಎದಿಹಾಲ ಬಿಟ್ಟ ಏನೂ ಕೊಡಬ್ಯಾಡ್ರಿ" ಎಂದಿದ್ದರು ಹೆರಿಗೆ ಮಾಡಿಸಿದ ಡಾಕ್ಟರ್ ಬಾಯಿ. ಮನೆಗೆ ಬಂದು, "ಘುಟ್ಟಿ ನೆಕ್ಕಿದ ನಾವೇನ ಸತ್ತೇವೇನ?" ಎಂದು ಮೂಗು ಮುರಿದಿದ್ದೆ.

ಹೊಲದಾಚೆಯ ಗುಡ್ಡದಲ್ಲಿ ಹಿಂದಿನ ಬೇಸಿಗೆಯಲ್ಲಿ ಯುರೇನಿಯಂ ಹುಡುಕುವವರು ಬಂದು ಕೊಳವೆ ಇಳಿಸಿದ್ದರು. ಊರವರನ್ನು ಕೂಡಿಸಿ ತಿಳಿಹೇಳಿದರಂತೆ. ಗಣಿ ತೋಡುವುದಿಲ್ಲ, ಮದ್ದು ಸಿಡಿಸುವುದಿಲ್ಲ. ಒಂದು ಕೊಳವೆಯಿಂದ ದ್ರಾವಣ ಒಳಗೆ ಬಿಡುತ್ತೇವೆ, ಅದು ಕಲ್ಲಿನೊಳಗಿನ ಲೋಹವನ್ನು ಕರಗಿಸುತ್ತದೆ, ಇನ್ನೊಂದು ಕೊಳವೆಯಿಂದ ಮೇಲೆತ್ತುತ್ತೇವೆ, ಅಷ್ಟೇ. ತಮ್ಮ ಎದ್ದು ನಿಂತು ಕೇಳಿದ್ದ. "ಕಲ್ಲಾಗ ಸುಮ್ಮನ ಕುಂತದ್ದನ್ನ ನೀರಾಗ ಕರಗಸ್ತೀರಿ ಖರೇ. ಅಷ್ಟೂ ನಿಮ್ಮ ಪೈಪಿಗೇ ಬರ್ತೈತಿ ಅಂತ ಯಾರ ಹೇಳಬೇಕ್ರಿ? ಬಾಜೂಕ ನಮ್ಮ ಬಾವಿ ಐತಿ." ಆ ನೀರೇ ಬೇರೆ, ನಿಮ್ಮ ನೀರೇ ಬೇರೆ, ನಡುವೆ ಬಂಡೆಯಿದೆ ಎಂದರಂತೆ. ಸಣ್ಣದೊಂದು ಪ್ರಯೋಗ ಮಾಡಿ, ಕೊಳವೆಗಳ ಬಾಯಿ ಮುಚ್ಚಿ ಹೋದರು. ತಮ್ಮನಿಗೆ ಸಮಾಧಾನವಾಗದೆ, ಕೂಸು ಹುಟ್ಟಿದ ಮೇಲೆ ಬಾವಿಯ ನೀರನ್ನು ಬಾಟಲಿಯಲ್ಲಿ ಪರೀಕ್ಷೆಗೆ ಕಳಿಸಿದ. "ಹುಚ್ಚಪ್ಪಾ, ಅಜ್ಜನ ಕಾಲದಿಂದ ಕುಡದೇವಿ" ಎಂದು ನಕ್ಕವಳು ನಾನೇ.

ಕೂಸಿಗೆ ಒಂದೂವರೆ ತಿಂಗಳಾಗಿತ್ತು. ಬೆಳಿಗ್ಗೆ ತಮ್ಮನ ಫೋನು ಬಂತು.

"ಅಕ್ಕಾ, ರಿಪೋರ್ಟ ಬಂತು. ನೀರಾಗ ಯುರೇನಿಯಂ ಐತಂತ. ಇರಬೇಕಾದ್ದಕ್ಕಿಂತ ಭಾಳ ಮ್ಯಾಲ. ಕುಡೀಬ್ಯಾಡ್ರಿ ಅಂತ ಬರದಾರ."

"ಕಾಸೇ ಕೊಡತೇನಲ್ಲೋ. ಒಂದ ಹುಳಾ ಉಳೀದಂಗ ಕಾಸತೇನಿ."

"ಅದೇನ ಹುಳಾ ಏನ ಅಕ್ಕಾ?" ಎಂದ.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಮೂರು ಪಾಲು ಇಳಿದು ಒಂದು ಪಾಲಾಗಿತ್ತು. ಹೋದದ್ದು ಬರೀ ಆವಿ, ಲೋಹವೆಲ್ಲ ತಳದಲ್ಲಿ ಉಳಿದ ಆ ನೀರಿನಲ್ಲೇ ಇತ್ತು. ಅಯ್ಯ ಶಿವನೇ, ಬಾವಿಯಲ್ಲಿದ್ದದ್ದಕ್ಕಿಂತ ಮೂರು ಪಟ್ಟು ಗಟ್ಟಿ ಮಾಡಿ, ನನ್ನ ಕೈಯಾರೆ ದಿನಾ ಕುಡಿಸಿದ್ದೆ. ಒಲೆ ಆರಿಸಿ ಅಲ್ಲೇ ನೆಲಕ್ಕೆ ಕುಳಿತೆ.

ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಅಂಗಡಿಯಿಂದ ಶುದ್ಧ ನೀರಿನ ಡಬ್ಬಿ ತರಿಸಿದೆ. "ಈ ನೀರ ಸಪ್ಪ ಅದಬೇ, ನಮ್ಮ ಬಾವೀದ ಕೊಡ" ಎಂದಳು. ಬಾವಿಯ ಮೋಟಾರು ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಯುರೇನಿಯಂ ಮೊದಲು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ ಎಂದು ಮೊಬೈಲಿನಲ್ಲಿ ಓದಿದ ಮೇಲೆ ನನಗೆ ಬೇರೆ ಕೆಲಸವೇ ಉಳಿಯಲಿಲ್ಲ. ಕೂಸಿನ ಬಟ್ಟೆ ಮುಟ್ಟಿ ಮುಟ್ಟಿ ನೋಡುವುದು. ಒದ್ದೆಯಾಗಿದ್ದರೆ ಜೀವ ಬಂದಂತೆ, ಒಣಗಿದ್ದರೆ ಎದೆ ಧಸಕ್ಕೆನ್ನುವುದು. ಇದು ಮೊದಲಿಂದಲೂ ನೀರಿನಲ್ಲಿತ್ತೋ, ಅವರ ಪ್ರಯೋಗದಿಂದ ಕರಗಿ ಬಂತೋ? ಮೊದಲು ಯಾರೂ ಅಳೆದಿರಲಿಲ್ಲ. ಗುಡ್ಡಕ್ಕೆ ಕೊಳವೆ ಇಳಿಸಿದವರ ಮೇಲೆ ಹರಿಹಾಯಬೇಕೆಂದರೂ ನನಗೆ ಬಾಯಿರಲಿಲ್ಲ. ಕಾಸಿದವಳು ನಾನಲ್ಲವೇ?

ಮರುದಿನ, ಮೈ ತೋರಿಸಿಕೊಂಡು ಬರೋಣವೆಂದು ತಾಯಿ-ಮಗು ಇಬ್ಬರನ್ನೂ ಡಾಕ್ಟರ್ ಬಾಯಿಯ ಹತ್ತಿರ ಕರೆದೊಯ್ದೆ. ಅಲ್ಲಿ ಮಗಳ ಎದುರಿಗೇ ಎಲ್ಲ ಹೇಳಿದೆ. ಬಾವಿ, ಕ್ಯಾನು, ಘುಟ್ಟಿ, ಮೂರು ಪಾಲು ಒಂದು ಪಾಲಾದದ್ದು. ಡಾಕ್ಟರ್ ಬಾಯಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಇಬ್ಬರದೂ ರಕ್ತ, ಮೂತ್ರ ಪರೀಕ್ಷಾ ಮಾಡಸೂಣು. ಭಾಳ ದಿನಾ ಆಗಿಲ್ಲ. ಆದ್ರ ಈಗ ನಾನೇನೂ ಹೇಳಾಕ ಬರೂದಿಲ್ಲ್ರಿ" ಎಂದರು. ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿದಾಗ ಅದು ಉಸಿರು ಕಟ್ಟಿ ಅತ್ತಿತು. ಫಲಿತಾಂಶ ಸಂಜೆಗೆ ಎಂದರು.

ಹೊರಗೆ ಬೆಂಚಿನ ಮೇಲೆ ಕಾಯುತ್ತ ಕುಳಿತೆವು. ಅತ್ತು ದಣಿದ ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವ್ವಾ," ಎಂದಳು ಕಡೆಗೆ, "ನಾನ ಏಳನೇ ಕ್ಲಾಸಿನ್ಯಾಗ ಇದ್ದಾಗ ನೀನ ಸಾಲ್ಯಾಗ ಉಪ್ಪಿನ ನೀರ ಕಾಸಿ ತೋರಿಸಿದ್ದಿ. ನೀರ ಹೋತು, ಉಪ್ಪ ಎಲ್ಲಿ ಹೋತು ಅಂತ ಕೇಳಿದ್ದಿ. ಎಲ್ಲಾರಕಿಂತ ಮೊದಲ ನಾನ ಕೈ ಎತ್ತಿದ್ದೆ."

ಆಮೇಲೆ ಎರಡೂ ಕೈ ಚಾಚಿದಳು. ನಾನು ಕೂಸನ್ನು ಕೊಟ್ಟೆ.