ಮೂಲೆ ಮಡಚಿದ ಫಿಲ್ಮು

ನಮ್ಮ ಬಂಗೂರನಗರದಲ್ಲಿ ಬಿಳಿ ಅಂದರೆ ಒಳ್ಳೆಯದು. ಮಿಲ್ಲಿನಲ್ಲಿ ಕಾಗದ ಬೆಳ್ಳಗೆ ಬಂದ ದಿನ ನನ್ನ ಗಂಡ ಹಾಡುತ್ತ ಮನೆಗೆ ಬರುತ್ತಿದ್ದರು. ಮಂಕಾಗಿ ಬಂದ ದಿನ ನನ್ನ ಸಾರಿಗೆ ಉಪ್ಪು ಸಾಲುತ್ತಿರಲಿಲ್ಲ. ಅದಕ್ಕೇ ಧಾರವಾಡದ ಡಾಕ್ಟರು ಅವರ ಮೆದುಳಿನ ಸ್ಕ್ಯಾನ್ ನೋಡಿ, "ಬಿಳಿ ಕಲಿ ಭಾಳ ಅದಾವ್ರಿ," ಎಂದಾಗ ನಾನು ಜಾಣೆಯಂತೆ, "ಬಿಳಿ ಇದ್ರ ಛಲೋನ ಅಲ್ರೀ?" ಎಂದುಬಿಟ್ಟೆ.

ಡಾಕ್ಟರು ನಗಲಿಲ್ಲ. ಮೆದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಒಯ್ಯುವ ಎಳೆಗಳಿರುತ್ತವಂತೆ. ಆ ಬಿಳಿ ಕಲೆ ಇರುವಲ್ಲೆಲ್ಲ ಎಳೆಗಳು ಸವೆದಿವೆ, ಮರೆವು ಇನ್ನೂ ಹೆಚ್ಚಬಹುದು ಎಂದರು.

ಜೊತೆಗೆ ಬಂದಿದ್ದ ನಾದಿನಿ ಹೊರಗೆ ಬಂದವಳೇ ಶುರು ಮಾಡಿದಳು. "ವೈನಿ, ಹುಬ್ಬಳ್ಳ್ಯಾಗ ಇಂಥಾವರನ್ನ ನೋಡ್ಕೊಳ್ಳೂ ಜಾಗಾ ಐತಿ. ಅಣ್ಣನ್ನ ಅಲ್ಲೇ ಬಿಡೂಣು. ನಿನ್ನ ಕೈಲೆ ಆಗೂದಿಲ್ಲ."

ಸಿಟ್ಟು ನೆತ್ತಿಗೇರಿತು. ಆದರೆ ಅವಳ ಮಾತು ನಿಜವೇ ಇರಬಹುದೆಂಬ ಹೆದರಿಕೆ ನನಗೂ ಇತ್ತು. ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದರೂ ಅವರು ಹಿಂದಿನ ವಾರವಷ್ಟೇ ಮಿಲ್ಲಿನ ಪಾಳಿಗೆ ಹೊರಟೆನೆಂದು ಹಳಿಯಾಳದ ಬಸ್ಸು ಹತ್ತಿದ್ದರು. ಅಲ್ಲಿನ ಗ್ಯಾರೇಜಿನವರೊಬ್ಬರು ಗುರುತು ಹಿಡಿದು, ಚಹಾ ಕುಡಿಸಿ ಕರೆತಂದಿದ್ದರು. ನಾಳೆ ಹೇಳುತ್ತೇನೆ ಎಂದು ನಾದಿನಿಯನ್ನು ಸಾಗಹಾಕಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಅವರು ಕಿಟಕಿಯ ಹತ್ತಿರ ನಿಂತು ಆ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದಿದ್ದರು. ಮಿಲ್ಲಿನಲ್ಲಿ ಅವರ ಕೆಲಸವೇ ಅದು: ಹಾಳೆಯನ್ನು ಬೆಳಕಿಗೆ ಹಿಡಿಯುವುದು, ಕಲೆ ಕಂಡರೆ ಮೂಲೆ ಮಡಚಿ ಪಕ್ಕಕ್ಕಿಡುವುದು. ಮೂಲೆ ಮಡಚಿದ ಹಾಳೆ ಮಾರಾಟಕ್ಕಿಲ್ಲ. ಅಂಥವನ್ನು ಮಿಲ್ಲಿನ ಗೇಟಿಗೆ ಬಂದು ಕೇಳಿದವರು ಮನೆಗೆ ಒಯ್ಯಬಹುದಿತ್ತು. ನಮ್ಮ ಮಕ್ಕಳು ಅಕ್ಷರ ತಿದ್ದಿದ್ದು, ಲೆಕ್ಕ ತಪ್ಪಿ ಪೆಟ್ಟು ತಿಂದಿದ್ದು ಎಲ್ಲ ಆ ಹಾಳೆಗಳ ಮೇಲೆಯೇ.

"ಯಾರ ತಲಿರಿ ಅದು?" ಎಂದೆ.

"ಯಾರದೋ," ಎಂದು ಮತ್ತೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದರು. ಬೆರಳು ಸರಿಯಾಗಿ ಕಲೆಗಳ ಮೇಲೆಯೇ ಓಡಾಡಿತು. ಆಮೇಲೆ ಫಿಲ್ಮಿನ ಮೂಲೆಯನ್ನು ಉಗುರಿನಿಂದ ಒತ್ತಿ ಮಡಚಿ, ನನ್ನ ಕಡೆ ಚಾಚಿದರು.

"ಇದು ಮಾರಾಕ ಬರೂದಿಲ್ಲ, ಬಾಯಾರ. ಬೇಕಂದ್ರ ಮನಿಗೆ ಒಯ್ರಿ."

ಬಾಯಾರ! ಇಷ್ಟು ಕಾಲ ಸಂಸಾರ ಮಾಡಿದವಳನ್ನು ಗೇಟಿಗೆ ಹಾಳೆ ಕೇಳಲು ಬಂದ ಯಾರೋ ಹೆಂಗಸಿನ ಹಾಗೆ ಕರೆದರು. ಸೆರಗಿನಿಂದ ಕಣ್ಣೊರೆಸಿಕೊಂಡು ಫಿಲ್ಮು ಈಸಿಕೊಂಡೆ.

"ಒಯ್ತೇನ್ರಿ," ಎಂದೆ. "ನಮ್ಮ ಮನ್ಯಾಗ ಇಂಥಾವ ನಡೀತಾವ."

ಆಮೇಲೆ ನಾದಿನಿಗೆ ಫೋನ್ ಹಚ್ಚಿ, ಹುಬ್ಬಳ್ಳಿ ಬೇಡವೆಂದು ಹೇಳಿದೆ.